ಮಿಸ್ ಓಪಲ್ ಡೆಲ್ಮರನ ಕಾರಿಗೆ ಗುದ್ದಿದ್ದು

ಬನ್ನಿನಂಥ ಮೆತ್ತನೆಯ ಬಿಸ್ಕತ್ತಿನ ಮೇಲೆ ಇನ್ನೊಂದು ಸೌಟು ಗ್ರೇವಿ ಹಾಕಿಸಿಕೊಳ್ಳೋಣವೆಂದು ಡೆಲ್ಮರ್ ಹೋಟೆಲಿನಲ್ಲಿ ಐದು ನಿಮಿಷ ಹೆಚ್ಚಿಗೆ ಕೂತದ್ದೇ ತಪ್ಪಾಯಿತು. ಹೊರಗೆ ಮಿಸ್ ಓಪಲ್ ದೋಣಿಯಂಥ ತಮ್ಮ ಹಳೇ ಕಾರನ್ನು ಹಿಂದಕ್ಕೆ ತೆಗೆಯುತ್ತ ಅವನ ಕಾರಿಗೆ ಗುದ್ದಿಬಿಟ್ಟರು. ಅವನು ಓಡಿ ಬರುವಷ್ಟರಲ್ಲಿ ಬಾಗಿಲು ಯಾರೋ ತುಳಿದ ತಗಡಿನ ಡಬ್ಬದ ಹಾಗೆ ಒಳಗೆ ಹೋಗಿತ್ತು.

ಮಿಸಿಸಿಪ್ಪಿಯ ಆ ಸಣ್ಣ ಊರಿನಲ್ಲಿ ಡೆಲ್ಮರ್ ಹತ್ತೊಂಬತ್ತು ವರ್ಷಗಳಿಂದ ಸ್ವಂತ ಕಾರಿನಲ್ಲೇ ಟಪಾಲು ಹಂಚುತ್ತಿದ್ದ. ಕಾರಿಲ್ಲದಿದ್ದರೆ ಕೆಲಸವೂ ಇಲ್ಲ. ಗುದ್ದಿದವರೋ, ಎರಡನೇ ಕ್ಲಾಸಿನಲ್ಲಿ ಅವನಿಗೆ ಅಕ್ಷರ ತಿದ್ದಿಸಿದ ಮೇಡಂ.

"ನಂದೇ ತಪ್ಪು ಡೆಲ್ಮರ್. ಕನ್ನಡೀಲಿ ನೋಡ್ದೆ, ಏನೂ ಕಾಣ್ಲಿಲ್ಲ."

"ಹೋಗ್ಲಿ ಬಿಡಿ ಮೇಡಂ. ನಿಮ್ಮ ಇನ್ಶೂರೆನ್ಸ್ ಚೀಟಿ ಕೊಡಿ ಸಾಕು."

ಚೀಟಿಯ ಅವಧಿ ಮಾರ್ಚಿಗೇ ಮುಗಿದಿತ್ತು. ಈಗ ಆಗಸ್ಟ್.

ಹೋಟೆಲಿನಲ್ಲಿದ್ದವರೆಲ್ಲ ಕಾಫಿ ಲೋಟ ಹಿಡಿದುಕೊಂಡೇ ಹೊರಗೆ ಬಂದರು. ಜನ ಸೇರಿದ ಮೇಲೆ ಡೆಲ್ಮರನ ದನಿಯೂ ಏರಿತು.

"ಇನ್ಶೂರೆನ್ಸ್ ಇಲ್ದೆ ರಸ್ತೆಗೆ ಇಳೀಬಾರ್ದು ಅಂತ ನಿಮಗೂ ಹೇಳ್ಬೇಕಾ? ಪಾಠ ಹೇಳ್ಕೊಟ್ಟವರೇ ಹೀಗಾದ್ರೆ ಮಿಕ್ಕವರ ಗತಿಯೇನು?"

ಮಿಸ್ ಓಪಲ್ ಏನೋ ಹೇಳಲು ಬಾಯಿ ತೆರೆದರು. ಅವನು ಬಿಡಲಿಲ್ಲ. ಅವರು ತಲೆತಗ್ಗಿಸಿ ಕೈಚೀಲದ ಹಿಡಿ ತಿರುಚುತ್ತ ನಿಂತರು.

"ಮುದುಕಮ್ಮನ್ನ ಯಾಕಯ್ಯಾ ಹಿಂಗೆ ಗೋಳುಹೊಯ್ಕೊಳ್ತೀಯ?" ಎಂದ ಗ್ಯಾರೇಜಿನ ಹೋಯ್ಟ್. "ಇನ್ಶೂರೆನ್ಸ್ ಇಲ್ದೋರು ಬಂದು ಗುದ್ದಿದ್ರೆ ನಿನ್ನ ಪಾಲಿಸಿನೇ ಕೊಡುತ್ತಲ್ಲ. ಅಗೋ ರೋಂಡಾ ಇಲ್ಲೇ ಇದಾಳೆ, ಕೇಳು."

ಊರಿನಲ್ಲಿ ವಿಮೆ ಮಾರುವ ರೋಂಡಾ ಲೋಟದೊಳಗೇ ಕೆಮ್ಮಿದಳು. "ಪಾಲಿಸೀಲಿ ಅದೊಂದು ಬೇಡ ಅಂತ ಇವನು ಸಹಿ ಮಾಡ್ಕೊಟ್ಟಿದಾನೆ. 'ನಮ್ಮೂರಲ್ಲಿ ಅಷ್ಟು ಬೇಜವಾಬ್ದಾರಿ ಮನುಷ್ಯ ಯಾರಿದಾನೆ' ಅಂತ ನಕ್ಕ. ನೀನು ನೆಟ್ಟಗಿದ್ರೂ ಇನ್ನೊಬ್ಬರು ಇರ್ಬೇಕಲ್ಲಪ್ಪಾ ಅಂತ ಮೂರು ಸಲ ಹೇಳ್ದೆ."

ಯಾರೋ ಕಿಸಕ್ಕೆಂದರು. ಡೆಲ್ಮರನ ಕಿವಿಗಳು ಕಾದ ಕಾವಲಿಯಂತಾದವು. ಆ ಅವಮಾನವನ್ನು ಎಲ್ಲಿ ಇಳಿಸುವುದೆಂದು ತಿಳಿಯದೆ ಮತ್ತೆ ಮೇಡಂ ಕಡೆಗೇ ತಿರುಗಿದ. "ನಾನು ಹೇಳಿದ್ರಲ್ಲಿ ತಪ್ಪೇನಿದೆ? ಎಲ್ಲರೂ ಅವರವರ ಕೆಲಸ ಸರಿಯಾಗಿ ಮಾಡಿದ್ರೆ ಇದೆಲ್ಲ ಆಗ್ತಿತ್ತಾ?"

ಅಷ್ಟರಲ್ಲಿ ಹೋಯ್ಟ್ ಸಲಾಕೆ ಹಾಕಿ ಬಾಗಿಲನ್ನು ಮೀಟಿದ. ಅದು ಕಿರ್ರೆಂದು ಕಳಚಿತು. ಅದರ ಜೊತೆಗೇ ಸೀಟಿನ ಸಂದಿಯಿಂದ ಒಂದು ಲಕೋಟೆ ಜಾರಿ ನೆಲಕ್ಕೆ ಬಿತ್ತು. ಡೆಲ್ಮರ್ ಅದನ್ನು ನೋಡಿದ. ನೋಡಿದವನೇ ಮೆಲ್ಲಗೆ ಅದರ ಮೇಲೆ ಬೂಟುಗಾಲಿಟ್ಟ.

"ಕಾಲೆತ್ತಯ್ಯಾ," ಎಂದ ಹೋಯ್ಟ್.

ಕಾಲೆತ್ತದೆ ಬೇರೆ ದಾರಿಯಿರಲಿಲ್ಲ. ಹೋಯ್ಟ್ ಲಕೋಟೆಯ ಧೂಳು ಒರೆಸಿ ಎಲ್ಲರಿಗೂ ಕೇಳುವಂತೆ ಓದಿದ: "ಮಿಸ್ ಓಪಲ್ ಗ್ಯಾಂಟ್. ವಾಹನ ವಿಮೆ. ಕೊನೆಯ ನೋಟೀಸು. ಫೆಬ್ರವರಿ ಇಪ್ಪತ್ತು."

ಎರಡನೇ ಕ್ಲಾಸಿನಲ್ಲಿ ಚಡ್ಡಿ ಒದ್ದೆ ಮಾಡಿಕೊಂಡ ದಿನವೂ ಡೆಲ್ಮರನಿಗೆ ಇಷ್ಟು ನಾಚಿಕೆಯಾಗಿರಲಿಲ್ಲ. ಅವನು ಹೋಯ್ಟನ ಕೈಯಿಂದ ಲಕೋಟೆ ತೆಗೆದುಕೊಂಡು, ಎರಡೂ ಕೈಯಲ್ಲಿ ಹಿಡಿದು ಮೇಡಂ ಮುಂದೆ ನಿಂತ.

"ಟಪಾಲು, ಮೇಡಂ," ಎಂದ.

ಮಿಸ್ ಓಪಲ್ ಕನ್ನಡಕ ಏರಿಸಿಕೊಂಡು ತಾರೀಖು ನೋಡಿದರು. ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

"ಬಿಲ್ಲು ಬಂದ ದಿನವೇ ಕಟ್ಟೋಳು ನಾನು. ಬರುತ್ತೆ ಬರುತ್ತೆ ಅಂತ ಕಾಯ್ತಾ ಇದ್ದೆ," ಎಂದರು. ಆಮೇಲೆ ಮೆತ್ತಗೆ, "ಹಾಗೇ ಇನ್ನೂ ಸ್ವಲ್ಪ ಒಳಗೆ ಕೈ ಹಾಕಿ ನೋಡಪ್ಪ. ನಮ್ಮಕ್ಕ ಬರೆದ ಕ್ರಿಸ್‌ಮಸ್ ಕಾಗದಾನೂ ಬಂದಿಲ್ಲ."

ಡೆಲ್ಮರ್ ಮಂಡಿಯೂರಿ ಸೀಟಿನ ಕೆಳಗೆ ಕೈ ಹಾಕಿದ. ಹಿಂದಿನಿಂದ ಲೋಟಗಳನ್ನು ಕೆಳಗಿಡುವ ಸದ್ದು ಕೇಳಿತು. ತಿರುಗಿ ನೋಡಿದರೆ ಊರಿನವರೆಲ್ಲ ಮೇಡಂ ಹಿಂದೆ ಸಾಲಾಗಿ ನಿಂತಿದ್ದರು.