ಕಾಶಿಬಾಯಿಯ ಟಿಕೆಟ್ ರದ್ದಾಯಿತು!

ಕಠ್ಮಂಡುವಿನ ತನಕ ವಿಮಾನ, ಅಲ್ಲಿಂದ ಭದ್ರಪುರಕ್ಕೆ ಪುಟಾಣಿ ವಿಮಾನ, ಆಮೇಲೆ ಜೀಪು, ನೇಪಾಳ ಗಡಿಯ ಮೇಚಿ ಸೇತುವೆ ದಾಟಿದರೆ ಸಿಕ್ಕಿಂ ದಾರಿ! ಸಿಂದಗಿಯಲ್ಲಿ ಮೂವತ್ತೈದು ವರ್ಷ ಭೂಗೋಳ ಕಲಿಸಿ ನಿವೃತ್ತನಾದ ನನಗೆ ಟೂರಿನ ಏಜೆಂಟ್ ಯಾಕೆ? "ಎಲ್ಲಾ ನಾನ ಮಾಡ್ತೇನಿ!" ಎಂದು ಘೋಷಿಸಿ, ಟಿಕೆಟ್‌ಗಳನ್ನು ಕಾಯ್ದಿರಿಸಿಯೇ ಬಿಟ್ಟೆ.

ಹಿಮ ಮುಟ್ಟಬೇಕೆಂಬುದು ಹೆಂಡತಿ ಕಾಶಿಬಾಯಿಯ ಹಳೇ ಆಸೆ. ಲಗ್ನವಾದ ಹೊಸದರಲ್ಲಿ ನನ್ನ ನಕಾಶೆ ನೋಡಿ, "ಈ ಬೆಳ್ಳನ್ನದು ಏನ್ರಿ?" ಎಂದಿದ್ದಳು. "ಹಿಮ. ಕರ್ಕೊಂಡು ಹೋಗ್ತೇನಿ," ಎಂದಿದ್ದೆ. ಮೂವತ್ತೆಂಟು ವರ್ಷಗಳಲ್ಲಿ ಅವಳನ್ನು ತವರೂರು ಮಸೂತಿಯಿಂದಾಚೆ ಕರೆದೊಯ್ದವನಲ್ಲ ನಾನು!

ಹೊರಡಲು ನಾಲ್ಕು ದಿನ. ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಯಾಗಿತ್ತು. ಎದುರುಮನೆಯ ರಮಜಾನ ಸಾಹೇಬರು ಬಂದು ಬಾಂಬ್ ಹಾಕಿದರು.

"ಮಾಸ್ತರ್ರ, ನೇಪಾಳದ ವಿಮಾನಕ್ಕ ಆಧಾರ ಕಾರ್ಡ ನಡಿಯಂಗಿಲ್ರಿ. ಪಾಸಪೋರ್ಟ ಇಲ್ಲಾ ಓಟಿನ ಕಾರ್ಡ ಬೇಕು."

"ಅದೂ ಐತ್ರಿ!" ಎಂದು ಟ್ರಂಕು ತೆರೆದೆ. ನನ್ನ ಕಾರ್ಡು ಸಿಕ್ಕಿತು. ಇನ್ನೊಂದರಲ್ಲಿ ಹೆಂಡತಿಯದೇ ಫೋಟೊ, ಹೆಸರು ಮಾತ್ರ ಹುಲಿಗೆವ್ವ!

"ಯಾರ ಇಕಿ?"

"ನಾನ. ನಮ್ಮಪ್ಪ ಇಟ್ಟ ಹೆಸರು. ಲಗ್ನದ ದಿನ ನೀವ ಬದಲಿಸಿದ್ರಿ, ಮರತೀರೇನು?"

ಮರೆತೇಬಿಟ್ಟಿದ್ದೆ. ಮದುಮಗಳಿಗೆ ಹೊಸ ಹೆಸರಿಡುವುದು ನಮ್ಮ ಮನೆತನದ ಪದ್ಧತಿ. ಪರಾತದಲ್ಲಿ ಹರಡಿದ ಅಕ್ಕಿಯ ಮೇಲೆ ಉಂಗುರದಿಂದ 'ಕಾಶಿಬಾಯಿ' ಎಂದು ಗೀಚಿದ್ದೆ. ಹತ್ತೊಂಬತ್ತರ ಹುಡುಗಿ ತಲೆ ತಗ್ಗಿಸಿದ್ದಳು. ನಾಚಿಕೆ ಎಂದುಕೊಂಡಿದ್ದೆ.

"ಓಟಿನ ಪಟ್ಟಿಗಿ ಈ ಹೆಸರು ಹೆಂಗ ಹೋತು?"

"ನೀವು ಬ್ಯಾರೆ ಓಣ್ಯಾಗ ಪಟ್ಟಿ ಬರ್ಯಾಕ ಹೋಗಿದ್ರಿ. ನಮ್ಮನಿಗಿ ಬಂದ ಮಾಸ್ತರು, 'ಅಕ್ಕಾರ, ನಿಮ್ಮ ಹೆಸರೇನ್ರಿ?' ಅಂದ್ರು. ಹೇಳಿದ್ನಿ. ಅಲ್ಲೀತನಕ ನನ್ನ ಯಾರೂ ಕೇಳಿದ್ದಿಲ್ಲ."

ವಿಮಾನದವರಿಗೆ ಫೋನು ಮಾಡಿದೆ. "ಪೂರ್ತಿ ಹೆಸರು ಬದಲಿಸೋಕೆ ಬರಲ್ಲ ಸರ್, ರದ್ದು ಮಾಡಿ ಹೊಸದು ತಗೊಳ್ಳಿ," ಎಂದರು. ಕಾಶಿಬಾಯಿ ರದ್ದಾದಳು! ಹುಲಿಗೆವ್ವನಿಗೆ ಸಿಕ್ಕಿದ್ದು ಮುಂದಿನ ಕಿಟಕಿ ಸೀಟು. ನನ್ನ ಸಿಂಹಾಸನ ಹಿಂದೆ, ಶೌಚಾಲಯದ ಬಾಗಿಲ ಪಕ್ಕ! ಕಠ್ಮಂಡುವಿನ ತನಕ ಅವಳು ಒಮ್ಮೆಯೂ ಹಿಂತಿರುಗಿ ನೋಡಲಿಲ್ಲ.

ಮೇಚಿ ಸೇತುವೆಯ ಬಳಿ ಜೀಪಿಳಿದೆವು. ನಾನು ರೂಢಿಯಂತೆ ಕೈಬೀಸಿಕೊಂಡು ಮುಂದೆ ಹೊರಟೆ. ಹಿಂದೆ ಹೆಜ್ಜೆಯ ಸಪ್ಪಳವೇ ಇಲ್ಲ!

"ಏ ಕಾಶೀ, ಬ್ಯಾಗ ತಗೊಂಡು ಲಗೂನ ಬಾ!"

"ಆಕಿ ಟಿಕೀಟ ನೀವ ರದ್ದ ಮಾಡಿಸೀರಲ್ರಿ," ಎಂದಳು, ಸೆರಗು ಸರಿಪಡಿಸಿಕೊಳ್ಳುತ್ತ. "ಹುಲಿಗೆವ್ವಂದು ಇನ್ನಾ ಲಗ್ನಾ ಆಗಿಲ್ಲ. ಆಕಿ ಯಾರ ಬ್ಯಾಗೂ ಹೊರಂಗಿಲ್ಲ!"

ಹಾಗೆಂದವಳೇ ನನ್ನನ್ನು ದಾಟಿ ನಡೆದೇಬಿಟ್ಟಳು. ನಾನು ಎರಡೂ ಬ್ಯಾಗು ಹೆಗಲಿಗೇರಿಸಿ, ಏದುಸಿರು ಬಿಡುತ್ತ, ಜೀವನದಲ್ಲಿ ಮೊದಲ ಸಲ ಆ ಹೆಸರು ಹಿಡಿದು ಕೂಗಿದೆ:

"ಹುಲಿಗೆವ್ವಾರ, ಒಂಚೂರು ನಿಂದರ್ರಿ, ನಾನೂ ಬರ್ತೇನಿ!"