ಡೈರಿ ಬೋರ್ಡಿನ ಆಲ್ಟರ್ಕೇಶನ್

ಹೆಂಡತಿ ಜಗಳವಾಡುತ್ತಾಳೆ ಎಂದು ಗೋಳಾಡುವ ಗಂಡಸರಿಗೆ ಹಿರೀಸಾವೆಯಲ್ಲಿ ಬರವಿಲ್ಲ. ಹೆಂಡತಿ ಜಗಳವಾಡುವುದಿಲ್ಲ ಎಂದು ಗೋಳಾಡುವವರು ಮಾತ್ರ ಇಡೀ ಹೋಬಳಿಗೆ ಒಬ್ಬರೇ: ನಿವೃತ್ತ ಇಂಗ್ಲಿಷ್ ಮೇಷ್ಟ್ರು ಈಶ್ವರಯ್ಯ. ಅವರ ಪತ್ನಿ ನಂಜಮ್ಮ ಬಾಯಿ ಬಿಟ್ಟು ಇಪ್ಪತ್ತಮೂರು ದಿನಗಳಾಗಿದ್ದವು. ಮನೆಯಲ್ಲಿ ಯಾರೂ ಸತ್ತಿರಲಿಲ್ಲ; ಆದರೂ ಸೂತಕದ ಕಳೆ. ಲೋಟ ಕೆಳಗಿಟ್ಟ ಸದ್ದಿಗೇ ಮೇಷ್ಟ್ರು ಬೆಚ್ಚಿಬೀಳುತ್ತಿದ್ದರು.

ಪರೀಕ್ಷೆಗೆಂದು ಒಂದು ಮಧ್ಯಾಹ್ನ, "ಸಾರಿಗೆ ಉಪ್ಪು ಜಾಸ್ತಿ" ಎಂದರು. ಹಿಂದೆಲ್ಲ ಈ ಒಂದು ಮಾತು ಸಂಜೆಯವರೆಗಿನ ಸಮರಕ್ಕೆ ಸಾಕಾಗುತ್ತಿತ್ತು. ನಂಜಮ್ಮ ಬಟ್ಟಲು ಎತ್ತಿಕೊಂಡು ಹೋಗಿ, ಉಪ್ಪು ಕಡಿಮೆಯಿರುವ ಸಾರು ತಂದಿಟ್ಟರು. ಮೇಷ್ಟ್ರಿಗೆ ಬೆವರು ಕಿತ್ತುಕೊಂಡಿತು.

ಕಾರಣ ಗೊತ್ತಿಲ್ಲದೆ ಇಲ್ಲ. ಕಾರಣದ ಹೆಸರು ಕೆಂಚಿ.

ಕೆಂಚಿ ನಂಜಮ್ಮನ ಹಸು. ಮೇಷ್ಟ್ರು ನಿವೃತ್ತರಾದ ಮಾರನೆಯ ದಿನವೇ ಅವರಿಗೆ ಸಗಣಿ ಖಾತೆಯನ್ನು ವಹಿಸಿಕೊಡಲಾಗಿತ್ತು. ಶೇಕಡಾ ತೊಂಬತ್ತು ಫಲಿತಾಂಶ ತಂದುಕೊಟ್ಟ ಕೈ ಸಗಣಿ ಬಾಚುವುದೇ? ನಾಲ್ಕು ವರ್ಷ ಬಾಚಿದರು, ಮೂಗು ಮುಚ್ಚಿಕೊಂಡು. ನಂಜಮ್ಮ ಕೊಣನೂರಿನ ಅಕ್ಕನ ಮನೆಗೆ ಎರಡು ದಿನ ಹೋಗಿದ್ದೇ ಸಮಯವೆಂದು, ಚನ್ನರಾಯಪಟ್ಟಣದ ಧರ್ಮೇಂದ್ರ ಎಂಬವನಿಗೆ ಹಸುವನ್ನು ಮಾರಿ ಟೆಂಪೋ ಹತ್ತಿಸಿಬಿಟ್ಟರು. "ನಿನ್ನ ಮಂಡಿ ನೋವಿಗೆ ಅನುಕೂಲ ಆಗ್ಲಿ ಅಂತ" ಎನ್ನುವ ವಾಕ್ಯವನ್ನೂ ಬಾಯಿಪಾಠ ಮಾಡಿಟ್ಟುಕೊಂಡರು.

ನಂಜಮ್ಮ ಬಂದರು. ಬರಿದಾದ ಕೊಟ್ಟಿಗೆ ನೋಡಿದರು. ಗೂಟದಿಂದ ಹಗ್ಗ ಬಿಚ್ಚಿ ಗೋಡೆಯ ಮೊಳೆಗೆ ನೇತುಹಾಕಿದರು. ಕೈ ತೊಳೆದು ಅಡುಗೆಗೆ ಹೋದರು. ಅಷ್ಟೇ. ಬಾಯಿಪಾಠ ಹಾಗೆಯೇ ಉಳಿಯಿತು.

ಇನ್ನು ಬೋರ್ಡಿನ ವಿಷಯ. ಹಾಲಿನ ಡೈರಿಯ ಗೋಡೆಯಲ್ಲಿರುವ ಕಪ್ಪು ಹಲಗೆಯ ಮೇಲೆ ಮೇಷ್ಟ್ರು ದಿನಕ್ಕೊಂದು ಇಂಗ್ಲಿಷ್ ಪದ ಬರೆಯುತ್ತಿದ್ದರು: ಅರ್ಥ, ಬಳಕೆ, ಮೂಲ ಸಮೇತ. ಮೊದಮೊದಲು ಬಳಕೆಯ ವಾಕ್ಯದಲ್ಲಿ ರಾಮ ಶಾಲೆಗೆ ಹೋಗುತ್ತಿದ್ದ. "ಯಾವ ರಾಮ ಸಾ? ಗುರ್ತಿರೋರ್ನ ಬರೀರಿ" ಎಂದು ಹಾಲು ಹಾಕುವವರು ತಕರಾರು ತೆಗೆದರು. ಗುರುತಿರುವವರ ಪೈಕಿ ಮನೆ ಬಾಗಿಲಿಗೆ ದೊಣ್ಣೆ ತರದವರು ನಂಜಮ್ಮ ಒಬ್ಬರೇ. ಹೀಗಾಗಿ ನಾಲ್ಕು ವರ್ಷದಿಂದ ಎಲ್ಲ ಪದಗಳೂ ಅವರ ಮೇಲೆಯೇ ಬಳಕೆಯಾದವು. ನಂಜಮ್ಮ ಹಾಲು ಹಾಕಿ, ಯಾರಿಂದಲಾದರೂ ವಾಕ್ಯ ಓದಿಸಿಕೊಂಡು, ಖಾಲಿ ಕ್ಯಾನು ಬೀಸುತ್ತಾ ಮನೆಗೆ ಬರುತ್ತಿದ್ದರು. ಅಂದಿನ ಜಗಳಕ್ಕೆ ಅದೇ ನಾಂದಿ. (ಕಾಫಿಗಿಂತ ಮೊದಲು ಮೇಷ್ಟ್ರಿಗೆ ಅದು ಬೇಕಾಗುತ್ತಿತ್ತು ಎಂಬುದು ಹಸು ಹೋದ ಮೇಲೆ ತಿಳಿಯಿತು.) ಹಸು ಇಲ್ಲ, ಡೈರಿಗೆ ಬರುವುದಿಲ್ಲ, ಬೋರ್ಡು ನೋಡುವುದಿಲ್ಲ, ಜಗಳವಿಲ್ಲ.

ಆದ್ದರಿಂದ ಮೇಷ್ಟ್ರು ಬೋರ್ಡಿನಿಂದಲೇ ಯುದ್ಧ ಸಾರಿದರು. ಮೊದಲ ಬಾಣ 'ಟಿಫ್': ಚಿಕ್ಕ ಮನಸ್ತಾಪ. ಬಳಕೆ: ನಂಜಮ್ಮನ ಮುದ್ದೆ ಗಂಟಾದ್ದರಿಂದ ಮನೆಯಲ್ಲಿ ಟಿಫ್ ಆಯಿತು. ಮೂಲ: ತಿಳಿದಿಲ್ಲ.

ಡೈರಿ ಕಾರ್ಯದರ್ಶಿ ಶಶಿಕುಮಾರ್ ಕೇಳಿದ: "ಮೂಲ ತಿಳಿದಿಲ್ಲ ಅಂದ್ರೆ ಏನ್ ಸಾ?"

"ನಿಘಂಟು ಬರೆದವ್ರಿಗೇ ಗೊತ್ತಿಲ್ಲ ಕಣಯ್ಯ."

"ಗಂಡ ಎಂಡ್ರ ಜಗಳುಕ್ಕೆ ಮೂಲ ಯಾವನ್ಗೆ ಸಾ ಗೊತ್ತಿರತ್ತೆ? ಕರೆಕ್ಟಾಗೇ ಬರ್ದವ್ರೆ ಬುಡಿ" ಎಂದು ಎಂದಿನಂತೆ ಬೋರ್ಡಿನ ಫೋಟೋ ಹೊಡೆದು ಸದಸ್ಯರ ವಾಟ್ಸಾಪ್ ಗುಂಪಿಗೆ ಹಾಕಿದ.

ಟಿಫ್ ನಂತರ 'ಬಿಕರ್', ಆಮೇಲೆ 'ಸ್ಕ್ವಾಬಲ್', ಅದರ ಬೆನ್ನಿಗೆ 'ರಾಂಗಲ್', ಎಲ್ಲವೂ ಜಗಳದ ಪದಗಳೇ. ನಂಜಮ್ಮನ ಗೊರಕೆ, ನಂಜಮ್ಮನ ತವರು, ನಂಜಮ್ಮನ ಅಕ್ಕ, ಯಾರನ್ನೂ ಬಿಡಲಿಲ್ಲ. ಮನೆಯಿಂದ ಒಂದು ಉಸಿರೂ ಇಲ್ಲ. ಕೊನೆಗೆ ಬ್ರಹ್ಮಾಸ್ತ್ರ: 'ಆಲ್ಟರ್ಕೇಶನ್'. ಅರ್ಥ: ಏರುದನಿಯ ವಾಗ್ವಾದ. ಮೂಲ: ಲ್ಯಾಟಿನ್ನಿನ 'ಆಲ್ಟರ್', ಎಂದರೆ ಇನ್ನೊಬ್ಬರು; ಇನ್ನೊಬ್ಬರಿಲ್ಲದೆ ಆಲ್ಟರ್ಕೇಶನ್ ಇಲ್ಲ. ಬಳಕೆಯ ಮುಂದೆ ಬರೆಯಲು ಏನೂ ತೋಚಲಿಲ್ಲ. ಸೀಮೆಸುಣ್ಣ ಕೈಯಲ್ಲೇ ಪುಡಿಯಾಯಿತು. ಹಾಗೆಯೇ ಬಿಟ್ಟು ಬಂದರು.

ದಾರಿಯಲ್ಲಿ ಪಕ್ಕದ ಮನೆಯ ಬೆಟ್ಟಮ್ಮ ಅಡ್ಡ ನಿಂತಳು. "ಅಲ್ಲ ಮೇಷ್ಟ್ರೇ, ನಂಜಕ್ಕ ದಿನಾ ಬೆಳಗಾನೆ ಚನ್ರಾಯಪಟ್ಣದ್ ಬಸ್ಸು ಅತ್ತತಾಳಲ್ಲ, ಏನ್ ಸಮಾಚಾರ? ಕೋರ್ಟ್ ತಾವ ಇಳಿತಾಳೆ ಅಂತ ನಮ್ ಹುಡ್ಗ ಮನು ಅಂದ."

ಬೆಳಗಿನ ಹೊತ್ತು ಹೆಂಡತಿ ವಾಕಿಂಗ್ ಹೋಗುತ್ತಾಳೆ ಎಂದುಕೊಂಡಿದ್ದ ಮೇಷ್ಟ್ರಿಗೆ ನೆಲ ಕುಸಿಯಿತು. ಕೋರ್ಟು! ಏಳು ಗಂಟೆಗೆ ಯಾವ ಕೋರ್ಟೂ ತೆರೆಯದು. ಆದರೆ ವಕೀಲರ ಮನೆ ತೆರೆದಿರುತ್ತದೆ. ನಾಲ್ಕು ವರ್ಷದ ಬಳಕೆಯ ವಾಕ್ಯಗಳು, ದಿನಾಂಕ ಸಹಿತ, ಸ್ವಹಸ್ತಾಕ್ಷರದಲ್ಲಿ, ಶಶಿಕುಮಾರನ ಫೋನಿನಲ್ಲಿ ಭದ್ರವಾಗಿವೆ. ಇಷ್ಟು ಅಚ್ಚುಕಟ್ಟಾಗಿ ತನ್ನ ವಿರುದ್ಧ ತಾನೇ ಸಾಕ್ಷಿ ಕಟ್ಟಿಕೊಟ್ಟ ಗಂಡ ಜಿಲ್ಲೆಯಲ್ಲಿ ಇನ್ನೊಬ್ಬನಿರಲಾರ. ಅರವತ್ತನಾಲ್ಕರ ವಯಸ್ಸಿನಲ್ಲಿ ಒಬ್ಬರೇ ಮುದ್ದೆ ತೊಳಸಿಕೊಂಡು, ಒಬ್ಬರೇ ಉಂಡು, ಉಪ್ಪು ಹೆಚ್ಚಾಯಿತೆಂದು ಗೋಡೆಗೆ ಹೇಳುವ ಚಿತ್ರ ಕಣ್ಣಿಗೆ ಕಟ್ಟಿತು.

ಮರುದಿನ ಬೆಳಿಗ್ಗೆ ತಲೆಗೆ ಮಫ್ಲರ್ ಸುತ್ತಿಕೊಂಡು ಅದೇ ಬಸ್ಸಿನ ಹಿಂಬಾಗಿಲಿನಿಂದ ಹತ್ತಿದರು. ನಂಜಮ್ಮ ಮುಂದಿನ ಸೀಟಿನಲ್ಲಿ ಕೂತು ಆಧಾರ್ ಕಾರ್ಡು ತೋರಿಸಿ ಪುಕ್ಕಟೆ ಟಿಕೆಟ್ ಪಡೆದರು. ಮೇಷ್ಟ್ರು ದನಿ ಕೇಳಿಸೀತೆಂದು ಸುಮ್ಮನೆ ಬೆರಳು ಮುಂದೆ ಮಾಡಿದರು.

"ಎಲ್ಲಿಗ್ ಸಾ? ಅಯ್ಯೋ, ಈಸ್ವರಯ್ಯ ಮೇಷ್ಟ್ರು! ನಾನ್ ಸಾ, ತಮ್ ಸ್ಟೂಡೆಂಟು! ಬೆಂಚ್ ಮ್ಯಾಲ್ ನಿಲ್ಲಿಸ್ತಿದ್ರಲ್ಲ!" ಕಂಡಕ್ಟರ್ ಕೂಗಿದ ರಭಸಕ್ಕೆ ಇಡೀ ಬಸ್ಸು ತಿರುಗಿ ನೋಡಿತು. ನಂಜಮ್ಮ ಮಾತ್ರ ತಿರುಗಲಿಲ್ಲ.

ಕೋರ್ಟಿನ ಬಳಿ ಇಳಿದರು. ಮೇಷ್ಟ್ರೂ ಇಳಿದರು. ನಂಜಮ್ಮ ಮೊದಲನೆಯ ವಕೀಲರ ಬೋರ್ಡು ದಾಟಿದರು. ಮೇಷ್ಟ್ರ ಎದೆ ಅರ್ಧ ಹಗುರಾಯಿತು. ಎರಡನೆಯದನ್ನೂ ದಾಟಿ ಹಿಂದಿನ ಓಣಿಗೆ ತಿರುಗಿ, ಶೀಟು ಹೊದಿಸಿದ ಒಂದು ಕೊಟ್ಟಿಗೆಯೊಳಗೆ ಹೋದರು. ಮೇಷ್ಟ್ರು ಹುಲ್ಲಿನ ಮೆದೆಯ ಹಿಂದೆ ಅವಿತರು. ಆಗ ಕೇಳಿಸಿತು, ಇಪ್ಪತ್ತೊಂಬತ್ತು ದಿನಗಳ ಮೇಲೆ, ಆ ದನಿ.

"ಏನೇ ಕೆಂಚಿ, ನೆನ್ನೆ ಸಾಯಂಕಾಲ ಧರ್ಮೇಂದ್ರಂಗೆ ಒದ್ದ್ಯಂತೆ? ಒದಿಯಂಗಿದ್ರೆ ಮಾರ್ದೋರ್ನ ಒದಿಬೇಕು ಕಣೇ, ಕೊಂಡೋನು ಏನ್ ಮಾಡ್ಯಾನು?"

ಜರ್ ಜರ್ ಎಂದು ಹಾಲು ಪಾತ್ರೆಗೆ ಬೀಳತೊಡಗಿತು.

"ನನ್ ಮಂಡಿ ನೋವ್ಗೆ ಮಾರಿದ್ದಂತೆ, ಧರ್ಮೇಂದ್ರನ್ ತಾವ ಹೇಳವ್ರೆ! ಮೂವತ್ತೊಂದ್ ವರ್ಸದಲ್ಲಿ ನನ್ ಮಂಡಿ ಎಲ್ಲೈತೆ ಅಂತ ಕೇಳ್ದೋರಲ್ಲ. ಸಾರ್ಗೆ ಉಪ್ಪು ಜಾಸ್ತಿಯಂತೆ, ಎರಡು ಸಲ ಇಕ್ಕುಸ್ಕೊಂಡು ತಿಂದೋರು!"

ಕೆಂಚಿ ಕಿವಿ ಅಲ್ಲಾಡಿಸಿತು. 'ಸುಳ್ಳು! ಒಂದೇ ಸಲ!' ಎಂಬ ಉತ್ತರ ಮೇಷ್ಟ್ರ ಗಂಟಲಿಗೆ ಬಂದು ನಿಂತಿತು. ತಮಗೆ ಸಲ್ಲಬೇಕಾದ ಬೈಗುಳ ಒಂದು ಹಸುವಿನ ಪಾಲಾಗುತ್ತಿದೆಯಲ್ಲ ಎಂದು ಹೊಟ್ಟೆ ಉರಿಯಿತು.

"ಬೋರ್ಡ್ ಮ್ಯಾಲೆ ಬರ್ದವ್ರೆ, ಫೋನಲ್ ಬಂದಿತ್ತು, ಬೆಟ್ಟಿ ಓದಿದ್ಲು. ಜಗಳುಕ್ಕೆ ಇನ್ನೊಬ್ರು ಬೇಕಂತೆ" ಎಂದರು ನಂಜಮ್ಮ, ದನಿ ಇಳಿಸಿ. "ನಂಗೇನೋ ನೀ ಇದ್ದೀಯ. ಅವ್ರಿಗ್ ಯಾರವ್ರೆ?"

ಮೇಷ್ಟ್ರು ಮೆದೆಗೆ ಒರಗಿದರು. ಒರಗಿದ ಭಾರಕ್ಕೆ ಹುಲ್ಲು ಜಾರಿ ಮೈಮೇಲೆ ಬಂತು.

"ಯಾರ್ಲಾ ಅದು? ಓ, ಮೇಷ್ಟ್ರು!" ಧರ್ಮೇಂದ್ರ ಓಡಿಬಂದು ಹುಲ್ಲು ಕೊಡವಿದ. "ಅಕ್ಕ ಬೈದ್ರೇನೇ ಸಾ ಇದು ಹಾಲು ಇಳಿಸಾದು. ನಾನೂ ಬೈದ್ ನೋಡ್ದೆ, ಒದ್ದುಬುಡ್ತು."

"ಹಸು ವಾಪಸ್ ಕೊಟ್ಬಿಡಪ್ಪ."

"ಎಲ್ಲಾನ ಉಂಟಾ ಸಾ? ಕೊಟ್ಬುಡಾಣ ಅಂತ್ಲೇ ಇದ್ದೆ. ಅಷ್ಟ್ರಲ್ಲಿ ಅಕ್ಕ ಬರಾಕ್ ಸುರು ಮಾಡುದ್ರು. ಈಗ ವತ್ತಾರೆಗೆ ಆರ್ ಲೀಟ್ರು!"

ನಂಜಮ್ಮ ತಲೆ ಎತ್ತಲಿಲ್ಲ. "ಕೆಂಚಿ, ಅಲ್ ನಿಂತಿರೋರ್ಗೆ ಹೇಳೇ, ಕೈ ಕಟ್ಕಂಡ್ ನಿಲ್ಲಾಕೆ ಇದು ಇಸ್ಕೂಲಲ್ಲ. ಆ ಮೂಲೇಲಿ ಮಂಕ್ರಿ ಅದೆ."

ಮೇಷ್ಟ್ರು ಸಗಣಿಯ ಮಂಕರಿ ಎತ್ತಿಕೊಂಡರು.

"ಪಂಚೆ ಮ್ಯಾಕೆತ್ತಿ ಕಟ್ಕಳಾಕೆ ಹೇಳು. ಒಗಿಯೋಳು ನಾನು."

"ಕೆಂಚಿ," ಎಂದರು ಮೇಷ್ಟ್ರು, ಮಂಕರಿ ಕೆಳಗಿಟ್ಟು ಪಂಚೆ ಎತ್ತಿ ಕಟ್ಟುತ್ತಾ, "ನಿಮ್ಮಮ್ಮಂಗೆ ಹೇಳು. ಎರಡು ಸಲ ಅಲ್ಲ. ಒಂದೇ ಸಲ."

"ಎರಡು ಅಂತ ಹೇಳೇ!"

ಈಗ ಇಬ್ಬರೂ ದಿನಾ ಅದೇ ಬಸ್ಸಿಗೆ ಹೋಗುತ್ತಾರೆ. ನಂಜಮ್ಮನಿಗೆ ಪುಕ್ಕಟೆ, ಮೇಷ್ಟ್ರಿಗೆ ಟಿಕೆಟ್. ಬೇರೆ ಬೇರೆ ಸೀಟು, ಒಂದು ಮಾತಿಲ್ಲ. ಆಲ್ಟರ್ಕೇಶನ್ ಏನಿದ್ದರೂ ಕೆಂಚಿಯ ಸಮ್ಮುಖದಲ್ಲಿ ಮಾತ್ರ. ಮನೆಯಲ್ಲಿ ಒಂದು ಹಸುವಿನ ಸಗಣಿಗೆ ಮೂಗು ಮುಚ್ಚಿದವರು ಇಲ್ಲಿ ಪರರ ನಾಲ್ಕು ಹಸುಗಳ ಸಗಣಿ ಬಾಚುತ್ತಿದ್ದಾರೆ. ಬೋರ್ಡಿನ ಮೇಲೆ 'ಬಳಕೆ' ಇನ್ನೂ ಖಾಲಿ.

ಮೊನ್ನೆ ಧರ್ಮೇಂದ್ರ ಸಿಹಿಸುದ್ದಿ ಹೇಳಿದ: ಕೆಂಚಿ ಗಬ್ಬ; ಇನ್ನೆರಡು ತಿಂಗಳಿಗೆ ಹಾಲು ನಿಲ್ಲಿಸುತ್ತದೆ, ಆಮೇಲೆ ಅಕ್ಕ ಬರುವ ಕಷ್ಟವಿಲ್ಲ. ಮೇಷ್ಟ್ರು ಮಂಕರಿ ಕೆಳಗಿಟ್ಟರು.

"ಉಳಿದ ಮೂರರಲ್ಲಿ ಒದೆಯೋದು ಯಾವುದಾದ್ರೂ ಇದೆಯೇನಪ್ಪಾ?"

"ಇಲ್ಲ ಸಾ, ಪಾಪ, ಸಾಧು ಪ್ರಾಣಿಗಳು."

ಅಂದಿನಿಂದ ಯಾರೂ ನೋಡದ ಹೊತ್ತಿನಲ್ಲಿ ಮೇಷ್ಟ್ರು ಆ ಮೂರು ಹಸುಗಳ ಮುಂದೆ ನಿಂತು, ಟಿಫ್‌ನಿಂದ ಆಲ್ಟರ್ಕೇಶನ್‌ವರೆಗೆ, ಇಂಗ್ಲಿಷಿನಲ್ಲಿ ಜಗಳ ಕಲಿಸುತ್ತಿದ್ದಾರೆ. ಅವು ಮೆಲುಕು ಹಾಕುತ್ತಾ ಕೇಳಿಸಿಕೊಳ್ಳುತ್ತವೆ. ಒದೆಯುವುದಿರಲಿ, ಮೂರೂ ಅರ್ಧರ್ಧ ಲೀಟರು ಹೆಚ್ಚಿಗೆ ಕೊಡುತ್ತಿವೆಯಂತೆ.