ಷಡ್ಡಕ ತಂದ ಒಣ ಹೆಂಟೆ

ಆ ಗಾಜಿನ ಮೀನುತೊಟ್ಟಿಗೆ ಅಂಗಡಿಯವ ಆರು ಸಾವಿರ ಎಂದ. ನಾನು ಮೂರೂವರೆಗೆ ಇಳಿಸಿದೆ. ಕೊಂಡದ್ದು ಮೀನಿನ ಮೇಲಿನ ಪ್ರೀತಿಗಲ್ಲ, ಷಡ್ಡಕನ ಮೇಲಿನ ಹೊಟ್ಟೆಕಿಚ್ಚಿಗೆ! ನನ್ನ ಹೆಂಡತಿಯ ಅಕ್ಕನ ಗಂಡನಾದ ಈ ಮಹಾಶಯ ಪೈಸೆ ಬಿಚ್ಚದೆ, ಬರೀ ಮಣ್ಣು ತೋರಿಸಿ ನನ್ನವಳ ಮುಖ ಅರಳಿಸುತ್ತಾನೆ. ಶಹಾಪುರದಲ್ಲಿ ಬರಿಗೈಯಿಂದ ಕಿರಾಣಿ ಅಂಗಡಿ ಕಟ್ಟಿದ ನನಗೆ ಆ ಮುಖ ಒಂದು ದಿನವಾದರೂ ಹಾಗೆ ಅರಳಿತ್ತೇ?

ನೆಂಟರ ಮನೆಗೆ ಬರುವವರು ಬಾಳೆಹಣ್ಣು ತರುತ್ತಾರೆ. ಈತ ತರುವುದು ವನದುರ್ಗದ ಕಡೆ ಬತ್ತಿದ ಹೊಂಡಗಳ ತಳದ ಮಣ್ಣಿನ ಹೆಂಟೆ! ಒಮ್ಮೆ ಬಸ್ಸಿನಲ್ಲಿ ಕಂಡಕ್ಟರ್ ಚೀಲ ಸರಿಸಹೋದನಂತೆ.

"ಸಾವಕಾಶ್ರಿ, ಒಳಗ ಮರಿ ಮಲಗ್ಯಾವ."

"ಕೋಳಿಮರಿನೋ, ಕುರಿಮರಿನೋ? ಟಿಕೆಟ್ ತಗೋಬೇಕಾಗ್ತದ."

"ಇನ್ನಾ ಹುಟ್ಟಿಲ್ರಿ!"

ಕಂಡಕ್ಟರ್ ಶಹಾಪುರ ಬರುವ ತನಕ ಈತನ ಹತ್ತಿರ ಸುಳಿಯಲಿಲ್ಲ.

ನನ್ನ ಮೀನುತೊಟ್ಟಿ ಮನೆಗೆ ಬಂತು. ಬಣ್ಣದ ಮೀನು, ಬಣ್ಣದ ದೀಪ! ಹೆಂಡತಿ ಸುತ್ತು ಹಾಕಿ ನೋಡಿ, "ಚೆಂದ ಅದರಿ. ತೊಳಿಯೋರು ಯಾರು?" ಎಂದಳು. ಅಷ್ಟೇ!

ಅದೇ ವಾರ ಷಡ್ಡಕ ಬಂದು ಬೋಗುಣಿಯಲ್ಲಿ ಹೆಂಟೆ ಪುಡಿಮಾಡಿ ಮಳೆನೀರು ಸುರಿದು, ನಮ್ಮಲ್ಲೇ ಠಿಕಾಣಿ ಹೂಡಿದ. ಕೆಲವೇ ದಿನಗಳಲ್ಲಿ ಆ ಸತ್ತ ಮಣ್ಣಿನಿಂದ ಚುಕ್ಕೆಯಂಥ ಸಿಗಡಿ ಮರಿಗಳೆದ್ದು ಅಂಗಾತ ಈಜತೊಡಗಿದವು! ಹೆಂಡತಿ ಬೋಗುಣಿಯ ಮೇಲೆ ಬಾಗಿ, ಮುಖ ಅರಳಿಸಿ ಕೂತಳು.

"ಮಣ್ಣಾಗಿನ ಎಲ್ಲಾ ತತ್ತಿ ಒಂದೇ ಮಳಿಗೆ ಒಡಿಯಂಗಿಲ್ಲ ತಮ್ಮಾ," ಎಂದ ಷಡ್ಡಕ. "ನೀರು ಲಗೂನ ಬತ್ತಿದ್ರ ವಂಶನೇ ಹೋಗ್ತದ. ಅದಕ್ಕ ಒಂದಿಷ್ಟು ಮುಂದಿನ ಮಳಿಗಂತ ಕಾಯ್ತಾವ. ಹಂಗ ಕಾದ ತಳಿನೇ ಇವತ್ತಿನ ತನಕ ಉಳದದ."

ಇಡೀ ಬಂಡವಾಳ ಒಂದೇ ಸರಕಿಗೆ ಸುರಿಯಬಾರದೆಂದು ಕಲಿಯಲು ನಾನು ಬೆಲ್ಲದಲ್ಲಿ ಕೈ ಸುಟ್ಟುಕೊಳ್ಳಬೇಕಾಯಿತು. ಈ ಸಿಗಡಿಗೆ ಹುಟ್ಟುವ ಮೊದಲೇ ಅದು ಗೊತ್ತು! ಈಗ ಸಿಗಡಿಯ ಮೇಲೂ ಹೊಟ್ಟೆಕಿಚ್ಚು ಶುರುವಾಯಿತು. ಸರ್ರನೆ ಎದ್ದು ಚಪ್ಪಲಿ ಮೆಟ್ಟಿದೆ.

"ಎಲ್ಲಿಗಿ?" ಎಂದ ಷಡ್ಡಕ.

"ಅಂಗಡಿಗಿ. ನೀವಿಬ್ರೂ ನೋಡ್ಕೋತ ಕುಂದರ್ರಿ."

"ಹುಚ್ಚಪ್ಪಾ, ಮರಿ ಎದ್ದಾಗೆಲ್ಲಾ ಆಕಿ ಬಾಗಿಲ ಕಡಿ ನೋಡ್ತಾಳ. 'ಅವರು ಬಂದಿದ್ರ ತೋರಿಸ್ತಿದ್ದೆ ಮಾವ' ಅಂತಾಳ. ನೀ ಯಾವತ್ತರ ಬಂದೀಯೇನು?"

ಅವಳು ತಲೆ ಎತ್ತಲಿಲ್ಲ. ಬೋಗುಣಿಯ ಪಕ್ಕ ಸ್ವಲ್ಪ ಸರಿದು ಜಾಗ ಮಾಡಿದಳು. ಷಡ್ಡಕ ಸದ್ದಿಲ್ಲದೆ ಅಂಗಳಕ್ಕೆ ಎದ್ದುಹೋದ. ನಾನು ಕೂತೆ. "ಕಾಣಾಕತ್ತಾವೇನ್ರಿ?" ಎಂದಳು. "ಹ್ಞೂಂ" ಎಂದೆ. ನಾನು ನೋಡುತ್ತಿದ್ದುದು ಅವಳ ಮುಖವನ್ನು.

ನೀವೂ ಮಾಡಿ ನೋಡಿ. ಹೊಂಡದ ಮಣ್ಣನ್ನು ಬೇಸಿಗೆಯಲ್ಲೇ ತಂದಿಡಿ. ಬೋರಿನ ನೀರು ಬೇಡ, ಮಳೆನೀರೇ ಆಗಬೇಕು. ಪಾತ್ರೆ ಮಾತ್ರ ಅಗಲ ಬಾಯಿಯದನ್ನೇ ಆರಿಸಿ. ಎರಡು ತಲೆ ಒಟ್ಟಿಗೆ ಬಾಗುವಷ್ಟಾದರೂ ಇರಲಿ.